ಮುದಿ ಆಡಿಗೊಂದು ಸ್ಟ್ರಾಂಗ್ ಚಹಾ

ಸೊರ್ರ್ ಎಂದು ಬಸಿಯಿಂದ, ಅಂದರೆ ಸಾಸರಿನಿಂದ, ಚಹಾ ಎಳೆಯುವ ಆ ಸದ್ದು ಬಸವಕಲ್ಯಾಣದ ನಮ್ಮ ಓಣಿಯ ತುದಿಗೂ ಕೇಳುತ್ತಿತ್ತು. ಎಳೆಯುವವಳು ಪಕ್ಕದ ಮನೆಯ ಶಾಂತಾಬಾಯಿ, ಆಡು ಸಾಕುವವಳು. ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತು ನಾನು, ರಿಟೈರ್ಡ್ ಟೀಚರ್, ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಟೇಬಲ್ ಮ್ಯಾನರ್ಸ್ ಬಿಡದೆ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದೆ. ಚಹಾದ ರುಚಿಯೆಲ್ಲ ಅವಳ ಪಾಲಿಗೇ ಹೋಯಿತೆಂದು ಈಗ ಅನಿಸುತ್ತದೆ.

ಹುಮನಾಬಾದಿನ ಮಗಳ ಮನೆಗೆ ಹೋಗಿ ಇರುವುದು ಗಟ್ಟಿಯಾದ ಮೇಲೆ ಶಾಂತಾಬಾಯಿ ಹಿಂಡನ್ನೆಲ್ಲ ಮಾರಿದಳು. ಉಳಿದದ್ದು ಮುದಿ ಆಡು ಗೌರಿ, ಅದರ ಕೊನೆಯ ಮರಿ. ಗೌರಿಯನ್ನು ಸಾಕಲು ಯಾರೂ ಒಯ್ಯದಿದ್ದರೆ ಮಾಂಸದ ಅಂಗಡಿಯೇ ಗತಿ. ಹುಲಸೂರಿನಿಂದ ಒಬ್ಬ ಗಿರಾಕಿ ಬರುವವನಿದ್ದ. ಗೌರಿಯೋ, ನಿಂತಲ್ಲೇ ತೂಕಡಿಸುತ್ತಿದ್ದಳು; ಅವನ ಕಣ್ಣಿಗೆ ಚುರುಕಾಗಿ ಕಾಣದೆ ಗತ್ಯಂತರವಿರಲಿಲ್ಲ. ಆಗ ನನ್ನ ಸೈನ್ಸ್ ತಲೆ ಓಡಿತು. ಸ್ಟಿಮ್ಯುಲೆಂಟ್! ಕಾಲೇಜಿನಲ್ಲಿ ಎಕ್ಸಾಮಿನ ಬೆಳಿಗ್ಗೆ ಒಂದು ಸ್ಟ್ರಾಂಗ್ ಚಹಾ ಕುಡಿದರೆ ನಾನು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತುತ್ತಿದ್ದೆನಲ್ಲ. ಸೋಸಿ ಉಳಿದ ಚಹಾಪುಡಿಯನ್ನು ತೌಡಿನಲ್ಲಿ ಕಲಸಿ ಆಡಿಗೆ ಹಾಕುವುದು ನಮ್ಮ ಓಣಿಯ ರೂಢಿ. ನಾನು ಬೆಲ್ಲ ಹಾಕಿದ ಕಡಕ್ ಚಹಾವನ್ನೇ ಸುರಿದು ಕಲಸಿದೆ. ತಾಯಿ ಮರಿ ಎರಡೂ ತಿಂದವು.

"ಮುದಿ ಜೀವಕ್ಕ ಇದು ಒಗ್ಗತದೇನ್ರಿ, ಅಕ್ಕೋರ?" ಎಂದಳು ಶಾಂತಾಬಾಯಿ. ವೇಟ್ ಅಂಡ್ ಸೀ, ಎಂದೆ.

ನೋಡಿದೆವು. ಮರಿ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಆಗಷ್ಟೇ ಬಂದು ನಿಂತ ಗಿರಾಕಿಯ ಬೈಕಿನ ಸೀಟಿಗೆ ಹಾರಿತು. ಗೌರಿ ಒಂದು ಹೆಜ್ಜೆಯೂ ಕದಲಲಿಲ್ಲ. ಕಣ್ಣು ಅರಳಿಸಿ, ತಲೆ ಮೇಲೆ ಕೆಳಗೆ ಆಡಿಸುತ್ತ, ಗೋಡೆಯ ಒಂದೇ ಕಲ್ಲನ್ನು ನೆಕ್ಕಿದಳು, ಮತ್ತೆ ನೆಕ್ಕಿದಳು, ನೆಕ್ಕುತ್ತಲೇ ಇದ್ದಳು.

"ಇದರ ತಲಿ ಕೆಟ್ಟದ, ಶಾಂತಾಬಾಯಿ. ಮರಿ ಕೊಡ್ರಿ, ಚುರುಕ್ ಅದ," ಎಂದು ಗಿರಾಕಿ ಮರಿಯನ್ನಷ್ಟೇ ಒಯ್ದ.

ಶಾಂತಾಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೌರಿಯ ಬೆನ್ನು ಸವರುತ್ತ, "ಈಗ ಈಕಿನ್ನ ಯಾರಿಗಿ ಕೊಡ್ಲಿರಿ?" ಎಂದಳು. ಜನ್ಮದಲ್ಲಿ ಆಡನ್ನು ಮುಟ್ಟದ ನಾನು, "ನನಗ ಕೊಡು" ಎಂದುಬಿಟ್ಟೆ.

ಅವಳು ಹೊರಟ ದಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಗೌರಿಗೆ ಯಾವ ಸೊಪ್ಪು, ಎಷ್ಟು ನೀರು ಎಂದೆಲ್ಲ ಕಿಟಕಿಯಿಂದಲೇ ಹೇಳಿ ಮುಗಿಸಿದಳು. "ಚಾ ಮಾತ್ರ ಹಾಕಬ್ಯಾಡ್ರಿ. ನೀವೂ ಕಮ್ಮಿ ಮಾಡ್ರಿ ಅಕ್ಕೋರ. ಒಂದ್ ಕಪ್ ಕುಡದ್ರ ಕೀಲಿ ಹಾಕಿದ್ ಬಾಗಲಾನ ಹತ್ ಸಲ ಜಗ್ಗಿ ನೋಡ್ತೀರಿ."

ಹಾಗೇನಿಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ, ಬರುವಾಗ ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಪರ್ಸಿನಲ್ಲಿ ಕೀಲಿಕೈ ಹುಡುಕತೊಡಗಿದೆ. ತಲೆ ಎತ್ತಿದಾಗ ಬಸ್ಸು ತಿರುವಿನಲ್ಲಿತ್ತು. ಕಿಟಕಿಯಲ್ಲಿ ಅವಳ ಹಸಿರು ಸೆರಗಿನ ಅಂಚಷ್ಟೇ ಕಂಡಿತು. ಶಾಂತಾಬಾಯಿಯನ್ನು ನಾನು ನೋಡಿದ್ದು ಅದೇ ಕೊನೆ.