ಯಾರ್ಕ್‌ನಲ್ಲಿ ಎಡಗಾಲಿನ ಬೂಟು

ಹಳೆಯ ಕಲ್ಲು ಕಂಡರೆ ಕರಗಿಹೋಗುವವನು ನಾನು. ಸಿಯಾಟಲ್ ಸುತ್ತಮುತ್ತ ಇರುವವನಿಗೆ ಈ ಚಟ ಅಂಟಿದ್ದರೆ ಬಲು ಕಷ್ಟ. ನಾವಿರುವ ಈಸ್ಟ್‌ಗೇಟ್‌ನಲ್ಲಿ ಎಲ್ಲಕ್ಕಿಂತ ಪುರಾತನ ವಸ್ತು ಎಂದರೆ ಪಕ್ಕದ ಮನೆಯವರ ಕಾರು. ನೌಕರಿಗೆಂದು ದಿನವೂ ಹೋಗುವ ಪಕ್ಕದೂರು ಕೆಂಟ್‌ನ ಗೋದಾಮುಗಳಲ್ಲಿ ಇತಿಹಾಸ ಹುಡುಕುವುದು ಬೋಳು ತಲೆಯಲ್ಲಿ ಹೇನು ಹುಡುಕಿದಂತೆ. ಹುಬ್ಬಳ್ಳಿಯಲ್ಲಿದ್ದಾಗ ಭಾನುವಾರ ಬಂದರೆ ಬಾದಾಮಿ, ಲಕ್ಕುಂಡಿ ಎಂದು ಬಸ್ಸು ಹತ್ತುತ್ತಿದ್ದವನು ಇಲ್ಲಿ ಭಾನುವಾರ ಬಂದರೆ ಹಾಲು, ಸೊಪ್ಪು ತರಲು ಹೋಗುತ್ತೇನೆ.

ಆದ್ದರಿಂದ ಈ ಸಲ ರಜೆಗೆ ಇಂಗ್ಲೆಂಡಿನ ಹಳೆಯ ಊರುಗಳಿಗೇ ಹೋಗಬೇಕೆಂದು ಹಟ ಹಿಡಿದೆ. ಮೈಸೂರಿನವಳಾದ ನನ್ನ ಹೆಂಡತಿ ಸುಧಾಗೆ ಬೇಕಾಗಿದ್ದದ್ದು ಹವಾಯಿಯ ಸಮುದ್ರ. "ನಿಮ್ಮ ಕಲ್ಲು ನೋಡೋಕೆ ಬರ್ತೀವಿ. ಆದ್ರೆ ಬೋರ್ ಆದ್ರೆ ಇನ್ಮೇಲೆ ವೆಕೇಶನ್ ಪ್ಲಾನ್ ಎಲ್ಲಾ ನಂದೇ" ಎಂದಳು. ಮಗಳು ಅನಿಕಾ "ಡೀಲ್!" ಎಂದು ನಮ್ಮಿಬ್ಬರ ಕೈ ಕುಲುಕಿಸಿದಳು. ನನ್ನ ಉಳಿದ ಆಯುಷ್ಯದ ರಜೆಗಳೆಲ್ಲ ಆ ಒಂದು ಪ್ರವಾಸದ ಮೇಲೆ ನಿಂತವು.

ಬಾತ್ ಎಂಬ ಊರಿನಲ್ಲಿ ರೋಮನ್ನರ ಸ್ನಾನದ ಕೊಳ ತೋರಿಸಿದೆ. "ಸ್ನಾನ ಮಾಡೋಕೆ ಬಿಡಲ್ವಾ? ಮತ್ಯಾಕೆ ಬಂದ್ವಿ?" ಎಂದಳು ಸುಧಾ. ಆಕ್ಸ್‌ಫರ್ಡ್‌ನಲ್ಲಿ ಕಾಲೇಜುಗಳ ಕತೆ ಹೇಳುತ್ತ ಹಿಂತಿರುಗಿ ನೋಡಿದರೆ, ಕೇಳುತ್ತಿದ್ದವರು ಯಾರೋ ಅಪರಿಚಿತ ದಂಪತಿ. ನನ್ನವರು ಐಸ್‌ಕ್ರೀಮ್ ಅಂಗಡಿ ಸೇರಿದ್ದರು. ಕ್ಯಾಂಟರ್ಬರಿಯ ಹೊತ್ತಿಗೆ ಮಗಳು "ಮೋರ್ ರಾಕ್ಸ್?" ಎಂದು ಕೇಳಿಯೇಬಿಟ್ಟಳು. ಇನ್ನು ಯಾರ್ಕ್ ಒಂದೇ ಉಳಿದಿತ್ತು.

ಯಾರ್ಕ್‌ನ ಕೋಟೆಗೋಡೆಯ ಮೇಲೆ ನಡೆದು ದಣಿದ ಅವರಿಬ್ಬರೂ ಚಹಾ ಕುಡಿಯಲು ಕೂತಾಗ ನಾನೊಬ್ಬನೇ ಓಣಿಯೊಳಗಿನ ಒಂದು ಸಣ್ಣ ಚರ್ಚಿಗೆ ಹೋದೆ. ದೊಡ್ಡ ಚರ್ಚುಗಳಲ್ಲಿ ಟಿಕೆಟ್ಟು, ಗದ್ದಲ. ಇಲ್ಲಿ ಒಂದೆರಡು ಮೇಣದ ಬತ್ತಿ, ಕಣ್ಣು ಮುಚ್ಚಿ ಕೂತ ಒಬ್ಬ ಮುದುಕ, ಸವೆದು ಗುಳಿಬಿದ್ದ ಹೊಸಿಲು. ಲಕ್ಕುಂಡಿಯ ಗುಡಿ ನೆನಪಾಯಿತು. ಕೈ ತಾನಾಗಿ ಬೂಟಿನ ಲೇಸಿಗೆ ಹೋಯಿತು. ಬಿಚ್ಚಿದ್ದೇನೋ ಸರಿ. ಆದರೆ ಗುಡಿಗೆ ಹೋದಾಗ ಚಪ್ಪಲಿಗಳನ್ನು ಜೋಡಿಯಾಗಿ ಬಿಡಬಾರದು, ಒಂದನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಬಿಟ್ಟರೆ ಕಳ್ಳ ಮುಟ್ಟುವುದಿಲ್ಲ ಎಂದು ಅವ್ವ ಕಲಿಸಿದ ಪಾಠ ಇಂಗ್ಲೆಂಡಿಗೂ ಬಂದಿತ್ತು. ಬಲಗಾಲಿನದನ್ನು ಬಾಗಿಲ ಬಳಿ, ಎಡಗಾಲಿನದನ್ನು ಅಂಗಳದ ಒಂದು ಸಮಾಧಿಕಲ್ಲಿನ ಹಿಂದೆ ಇಟ್ಟು ನಿಶ್ಚಿಂತೆಯಿಂದ ಒಳಗೆ ಹೋದೆ.

ಹೊರಗೆ ಬಂದರೆ ಬಲಗಾಲಿನದು ಇದೆ, ಎಡಗಾಲಿನದು ಇಲ್ಲ. ಒಂದೇ ಬೂಟಿನಲ್ಲಿ ಕುಂಟುತ್ತ ಒಂದೊಂದು ಸಮಾಧಿಯ ಹಿಂದೆಯೂ ಬಗ್ಗಿ ನೋಡುತ್ತಿದ್ದೆ. ಅಷ್ಟರಲ್ಲಿ ತಾಯಿ, ಮಗಳು ಬಂದರು.

"ಏನ್ರೀ, ಇಲ್ಲಿ ಯಾರನ್ನ ಹುಡುಕ್ತಿದೀರಾ?" ಎಂದಳು ಸುಧಾ.

"ಬೂಟ್ ಕಾಣವಲ್ದು."

"ಒಂದೇನಾ?"

"ಕಳುವಾಗಬಾರ್ದಂತ ಬ್ಯಾರೆ ಬ್ಯಾರೆ ಇಟ್ಟಿದ್ದೆ."

"ಓ ಮೈ ಗಾಡ್, ಅಪ್ಪಾ!" ಎಂದು ಕಿರುಚಿದ ಅನಿಕಾ ಬೆರಳು ತೋರಿಸಿದಳು. ಬೂಟು ಕಲ್ಲಿನ ಹಿಂದಲ್ಲ, ಮುಂದೆ ಇತ್ತು. ನೆಟ್ಟಗೆ ನಿಲ್ಲಿಸಿ, ಪಕ್ಕದಲ್ಲಿ ಯಾರೋ ಹಳದಿ ಹೂವಿನ ಗೊಂಚಲನ್ನೂ ಇಟ್ಟಿದ್ದರು. ಗಿಡಗಳಿಗೆ ನೀರು ಹಾಕುತ್ತಿದ್ದ ಹೆಂಗಸೊಬ್ಬರು ಹತ್ತಿರ ಬಂದು, ತೀರಿಕೊಂಡವರಿಗೆ ಸಂಬಂಧಿಕರು ಬಿಟ್ಟುಹೋದ ಕಾಣಿಕೆ ಇರಬೇಕೆಂದು ತಾವೇ ಅದನ್ನು ಮುಂದಿಟ್ಟು ಹೂವು ಇಟ್ಟಿದ್ದಾಗಿ ಹೇಳಿದರು. ಆಮೇಲೆ ದನಿ ತಗ್ಗಿಸಿ, ಅವರು ನಿಮಗೆ ಏನಾಗಬೇಕು ಎಂದು ನನ್ನನ್ನು ವಿಚಾರಿಸಿದರು.

ಸಮಾಧಿಯೊಳಗಿನ ಮಹಾನುಭಾವನಿಗೆ ಕೈ ಮುಗಿದು ಬೂಟು ಎತ್ತಿಕೊಂಡೆ. ಸುಧಾ ಬೆಂಚಿನ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬೋರ್ ಆಗ್ಲಿಲ್ಲ ಬಿಡಿ, ನೀವೇ ಗೆದ್ರಿ" ಎಂದಳು.

ಈಗ ಸಿಯಾಟಲ್‌ನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಇಂಗ್ಲೆಂಡಿನ ಇತಿಹಾಸ ನನ್ನ ಎಡಗಾಲಿನಿಂದಲೇ ಶುರುವಾಗುತ್ತದೆ. ಇರಲಿ, ರಜೆ ಆರಿಸುವ ಹಕ್ಕು ನನ್ನಲ್ಲೇ ಉಳಿಯಿತು. ಮುಂದಿನ ಸಲಕ್ಕೆ ಜಪಾನಿನ ಹಳೆಯ ಊರುಗಳನ್ನು ಆರಿಸಿದ್ದೇನೆ. ಅಲ್ಲಿ ಗುಡಿಯೊಳಗೆ ಹೋಗುವಾಗ ಎಲ್ಲರೂ ಬೂಟು ಬಿಚ್ಚುತ್ತಾರಂತೆ, ಕದಿಯುವವರೂ ಇಲ್ಲವಂತೆ. "ಬೋತ್ ಶೂಸ್ ಟುಗೆದರ್, ಓಕೆ?" ಎಂದು ಮಗಳು ಮಾತು ತೆಗೆದುಕೊಂಡಿದ್ದಾಳೆ. ಆಗಲಿ ಎಂದಿದ್ದೇನೆ. ಆದರೂ ನಾವು ನೋಡಲಿರುವ ಒಂದು ಗುಡಿಯ ಫೋಟೋದಲ್ಲಿ ಬಾಗಿಲ ಪಕ್ಕ ಒಂದು ಕಲ್ಲಿನ ದೀಪ ಕಾಣುತ್ತಿದೆ. ಅದರ ಹಿಂದೆ ಎಡಗಾಲಿನದಕ್ಕೆ ಒಳ್ಳೆಯ ಜಾಗವಿದೆ.