ಪಂಕ್ತಿಯಿಂದ ಏಳುವುದು

ಕೂರುವುದಕ್ಕೆ ನನಗೆ ಇವತ್ತಿಗೂ ಯಾರ ಸಹಾಯವೂ ಬೇಡ. ಅರ್ಧ ಬಗ್ಗಿದರೆ ಸಾಕು, ಉಳಿದದ್ದನ್ನು ದೇಹದ ಭಾರವೇ ನೋಡಿಕೊಳ್ಳುತ್ತದೆ. ತಾಪತ್ರಯವೆಲ್ಲ ಏಳುವುದರಲ್ಲಿ. ಮನೆಯಲ್ಲಾದರೆ ಕಿಟಕಿಯ ಸರಳು, ಮಂಚದ ಕಾಲು, ಹೆಂಡತಿಯ ಭುಜ, ಏನಾದರೊಂದು ಕೈಗೆ ಸಿಗುತ್ತದೆ. ಆದರೂ ಯಾರಾದರೂ ಮಂಡಿಯ ಮಾತೆತ್ತಿದರೆ, "ಬೆಟ್ಟದ ಮೆಟ್ಟಿಲು ಹತ್ತಿದ ಕಾಲು ಕಣ್ರೀ ಇದು" ಎನ್ನುತ್ತೇನೆ. ಹತ್ತಿ ಎಷ್ಟು ವರ್ಷವಾಯಿತೆಂದು ಮಾತ್ರ ಹೇಳುವುದಿಲ್ಲ.

ಮೊನ್ನೆ ಶ್ರೀರಾಂಪುರದಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶ. ಒಳಗೆ ನೆಲದ ಮೇಲೆ ಪಂಕ್ತಿ, ಹೊರಗೆ ಶಾಮಿಯಾನದಡಿ ಟೇಬಲ್ಲು. "ರೀ, ನೀವು ಟೇಬಲ್ಲಿಗೇ ಕೂತ್ಕೊಳ್ಳಿ" ಎಂದಳು ಹೆಂಡತಿ ಸುಶೀಲ. ಹತ್ತು ಜನರ ಎದುರು ಹಾಗೆ ಹೇಳಬಾರದಿತ್ತು. ನಾನು ಪಂಚೆ ಸರಿಮಾಡಿಕೊಂಡು ನೇರವಾಗಿ ಒಳಗೆ ಹೋಗಿ, ಷಡ್ಡಕ ನಾಗರಾಜನ ಪಕ್ಕ ಮೊದಲನೇ ಎಲೆಗೇ ಕುಳಿತೆ.

ಊಟ ಮುಗಿಯಿತು. ನಮ್ಮಲ್ಲಿ ಪಂಕ್ತಿಯ ಹಿರಿಯರು ಏಳುವವರೆಗೆ ಉಳಿದವರು ಏಳುವಂತಿಲ್ಲ. ಆ ಹಿರಿಯ ನಾನೇ ಎಂದು ಹೊಳೆಯುವಷ್ಟರಲ್ಲಿ ಎಡಗಾಲು ಮರಗಟ್ಟಿತ್ತು, ಬಲಮಂಡಿ ಮಾತು ಕೇಳುತ್ತಿರಲಿಲ್ಲ. ಕೈ ಊರೋಣವೆಂದರೆ ಬಲಗೈ ಎಂಜಲು, ನೆಲದಿಂದ ಏಳಲು ಎಡಗೈಯೊಂದೇ ಸಾಲದು. ಮಾನ ಉಳಿಸಿಕೊಳ್ಳಲು ಇನ್ನಷ್ಟು ಮಜ್ಜಿಗೆ ಕೇಳಿದೆ. ಮತ್ತೆ ಕೇಳಿದೆ. ಮೂರನೇ ಸಲ ಬಡಿಸುವವರು, "ಸ್ವಾಮಿ, ಪಾತ್ರೆ ತಳ ಕಾಣ್ತಿದೆ" ಎಂದುಬಿಟ್ಟರು. ಇಡೀ ಸಾಲು ಒಣಗಿದ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿತ್ತು. ಎರಡನೇ ಪಂಕ್ತಿಯವರು ಬಾಗಿಲಲ್ಲಿ ಹಸಿದು ನಿಂತಿದ್ದರು. ನಾಚಿಕೆಯಿಂದ ನನಗೆ ನಿಜಕ್ಕೂ ಅಳು ಬರುವಂತಾಯಿತು.

ಕೊನೆಗೆ ಸುಶೀಲಳನ್ನು ಕಣ್ಣಲ್ಲೇ ಕರೆದು, "ಏಳಕ್ಕಾಗ್ತಿಲ್ಲ ಕಣೇ" ಎಂದು ಪಿಸುಗುಟ್ಟಿದೆ. ಬೈಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಅವಳಿಗೆ ಸಿಗುತ್ತಿರಲಿಲ್ಲ. ಬೈಯಲಿಲ್ಲ. ಹೊರಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ನನ್ನ ಮಗ್ಗುಲಿಗಿಟ್ಟು, ಜಾರದಂತೆ ಹಿಡಿದುಕೊಂಡು, "ನಿಧಾನಕ್ಕೆ ಏಳಿ, ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದಳು. ಎಡಗೈ ಊರಿ ಎದ್ದೆ. ಇಷ್ಟು ಸುಲಭದ್ದಕ್ಕೆ ಅಷ್ಟು ಮಜ್ಜಿಗೆ ಕುಡಿದೆನಲ್ಲ ಎನಿಸಿತು. ಯಾರಾದರೂ ಏನಾದರೂ ಅನ್ನುವ ಮೊದಲೇ ಕುರ್ಚಿಯನ್ನು ಸಾಗಹಾಕಲು ಹೊರಟರೆ ನಾಗರಾಜ ಮೆಲ್ಲಗೆ, "ಭಾವ, ಅದನ್ನ ಇಲ್ಲೇ ಬುಡಿ" ಎಂದ. ಅವನು ಎದ್ದಮೇಲೆ ಅವನ ಪಕ್ಕದವರು ಕೈ ಚಾಚಿದರು. ಕುರ್ಚಿ ಎಲೆಯಿಂದ ಎಲೆಗೆ ಸಾಲಿನ ಕೊನೆಯವರೆಗೂ ಹೋಯಿತು. ಅಷ್ಟು ಹೊತ್ತು ಅವರೆಲ್ಲ ನನ್ನ ಹಿರಿತನಕ್ಕೆ ಮರ್ಯಾದೆ ಕೊಟ್ಟು ಕೂತಿದ್ದಾರೆಂದು ನಂಬಿದ್ದವನು ನಾನೊಬ್ಬನೇ.