ನನ್ನ ಗಂಟಲಿನ ಬಗ್ಗೆ ಊರಿಗೆ ಗೊತ್ತಿರುವುದು

ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಸಂಗತಿಗಳು ಆಲೂರು, ಸಕಲೇಶಪುರದ ಕಡೆ ಆಗಾಗ ಹುಟ್ಟುತ್ತಲೇ ಇರುತ್ತವೆ. ನಾನು ಆರ್ಕೆಸ್ಟ್ರಾ ಗಾಯಕಿ. ಹುಟ್ಟಿದಾಗಿನಿಂದಲೂ ನನ್ನದು ಒಡಕು ಗಂಟಲು. ಅದು ಮೈಕಿಗೆ ಸಿಕ್ಕಿದರೆ ಜನ ಕುಣಿಯುತ್ತಾರೆ. ಕುಣಿದು ಸುಸ್ತಾದ ಮೇಲೆ ಕೂತು, ಇಂಥ ಗಂಟಲು ಬರೋಕೆ ಏನು ಕಾರಣ ಅಂತ ಮಾತಾಡಿಕೊಳ್ಳುತ್ತಾರೆ.

ಬಿಸಿನೀರು

ನಾನು ಕುಡಿಯುತ್ತೇನೆ ಅನ್ನುವುದು ಎಲ್ಲರ ಮೊದಲ ನಂಬಿಕೆ. ವನಗೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಮದುವೆಯ ಸಂಜೆ ಕಾರ್ಯಕ್ರಮ ಇತ್ತು. ಜೀಪಿನಲ್ಲಿ ಏರು ಹತ್ತಿ ಬರುವಷ್ಟರಲ್ಲಿ ಗಂಟಲು ಒಣಗಿತ್ತು. ಬಂದವರನ್ನು ನೋಡಿಕೊಳ್ಳುತ್ತಿದ್ದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಏನು ಬೇಕು ಅಂತ ವಿಚಾರಿಸಿದರು. ಒಂದು ಲೋಟ ಬಿಸಿನೀರು ಸಾಕು ಅಂದೆ. ಅವರು ಅರ್ಥವಾದವರ ಹಾಗೆ ನಕ್ಕು, ಸ್ಟೀಲ್ ಲೋಟ ತಂದುಕೊಟ್ಟರು. ಒಂದೇ ಗುಟುಕಿಗೆ ಕಿವಿಯಲ್ಲಿ ಹೊಗೆ ಬಂತು. ಬ್ರಾಂದಿ.

"ರೈಟ್ರೇ, ನಾನು ಕೇಳಿದ್ದು ಬಿಸಿನೀರು."

ಅವರಿಗೆ ಬೇಜಾರಾಯಿತು. "ತಣ್ಣೀರು ಹಾಕಿಲ್ಲ ಮೇಡಂ, ಬಿಸಿನೀರೇ ಬೆರೆಸಿರೋದು."

ಇಂಪಾದ ಕಂಠ

ನನ್ನ ಯಜಮಾನರದು ಸಣ್ಣ ದನಿ. ಆಲೂರಿನಲ್ಲಿ ಶುಂಠಿ ವ್ಯಾಪಾರ, ಹಾಡಿಗೂ ಅವರಿಗೂ ದೂರ. ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದಾಗ ನನ್ನ ಫೋನ್ ಎತ್ತಿ, ಯಾರದೋ ನಾಮಕರಣದ ಕಾರ್ಯಕ್ರಮ ಒಪ್ಪಿಕೊಂಡುಬಿಟ್ಟರು. ಸಂಜೆ ಆ ಮನೆಯವರು ದಾರಿ ಹೇಳಲು ಮತ್ತೆ ಫೋನ್ ಮಾಡಿದರು. ಈ ಸಲ ನಾನೇ ಎತ್ತಿದೆ. ಮೇಡಂ ಕೈಗೆ ವಸಿ ಫೋನ್ ಕೊಡಿ ಸಾರ್ ಅಂದರು. ನಾನೇ ಮೇಡಂ ಅಂದರೆ ನಂಬಲಿಲ್ಲ.

"ತಮಾಷೆ ಮಾಡ್ಬೇಡಿ ಸಾರ್. ಬೆಳಿಗ್ಗೆ ಮಾತಾಡಿದೀನಿ. ಸ್ಟೇಜಿಗಿಂತ ಫೋನಲ್ಲೇ ಅವರ ಕಂಠ ಇಂಪಾಗೈತೆ."

ಅವತ್ತಿನಿಂದ ನಮ್ಮ ಯಜಮಾನರು ಯಾರ ಫೋನೂ ಎತ್ತುವುದಿಲ್ಲ.

ಮೌನಾಚರಣೆ

ಹೋದ ವರ್ಷ ಹಾಸನದಲ್ಲಿ ದವಡೆ ಹಲ್ಲು ಕೀಳಿಸಿಕೊಂಡು, ಊದಿದ ಕೆನ್ನೆಗೆ ಶಾಲು ಸುತ್ತಿಕೊಂಡು ಬಸ್ಸಿನಲ್ಲಿ ಬಂದೆ. ಗುರುತಿದ್ದವರು ಮಾತಾಡಿಸಿದರು. ಬಾಯಲ್ಲಿ ಹತ್ತಿ ಇತ್ತು, ಕೈಸನ್ನೆ ಮಾಡಿದೆ. ಅಷ್ಟೇ ಸಾಕಾಯಿತು. ಸುದ್ದಿ ಆಲೂರಿಗೆ ಬರುವಷ್ಟರಲ್ಲಿ ನನಗೆ ಗಂಟಲು ಆಪರೇಷನ್ ಆಗಿತ್ತು, ಸಕಲೇಶಪುರ ಮುಟ್ಟುವ ಹೊತ್ತಿಗೆ ದನಿಯೇ ಹೋಗಿತ್ತು. ನನ್ನನ್ನು ಗೊತ್ತುಮಾಡಿದ್ದ ಎರಡು ಮದುವೆಯವರು ಬೇರೆ ಗಾಯಕಿಯನ್ನು ಹುಡುಕಿಕೊಂಡರು. ಹೀಗೇ ಆದರೆ ಸೀಸನ್ನೇ ಕೈತಪ್ಪುತ್ತದಲ್ಲ ಅಂತ ನಿಜಕ್ಕೂ ಹೆದರಿದೆ.

ನಾಲ್ಕು ಜನರ ಕಣ್ಣಿಗೆ ಬೀಳೋಣ ಅಂತ ಕೆ. ಹೊಸಕೋಟೆಯಲ್ಲಿ ಯುವಕ ಸಂಘದವರ ಕಾರ್ಯಕ್ರಮಕ್ಕೆ ಹೋದೆ. ಬಸ್ಸು ತಡವಾಗಿತ್ತು. ನಾನು ಹೋದಾಗ ಜನವೆಲ್ಲ ಎದ್ದು ತಲೆತಗ್ಗಿಸಿ ನಿಂತಿದ್ದರು. ನಾನೂ ಹಿಂದೆ ಒಬ್ಬರು ಅಜ್ಜಿಯ ಪಕ್ಕ ತಲೆತಗ್ಗಿಸಿ ನಿಂತೆ. ಯಾರು ತೀರಿಕೊಂಡರು ಅಂತ ಮೆಲ್ಲಗೆ ಕೇಳಿದೆ.

"ಆರ್ಕೆಸ್ಟ್ರಾದಲ್ಲಿ ಹಾಡೋಳಂತೆ ಕಣವ್ವ. ಗಂಟ್ಲು ಕೆಟ್ಟು ಹೋಗ್ಬುಟ್ಳಂತೆ."

ಆಮೇಲೆ ನಾನು ಸ್ಟೇಜು ಹತ್ತಿ ಎರಡು ಹಾಡು ಹೇಳಿದ್ದು, ಒಂದು ಮದುವೆ ವಾಪಸ್ ಬಂದದ್ದು ಬೇರೆ ಮಾತು. ಆ ಗಳಿಗೆಯಲ್ಲಿ ಮಾತ್ರ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅಜ್ಜಿ, ಅದು ನಾನೇ" ಅಂದೆ.

ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿ, ಪಕ್ಕದ ಕುರ್ಚಿ ಎಳೆದುಕೊಟ್ಟರು.

"ಹಂಗಾದ್ರೆ ನೀನ್ಯಾಕವ್ವ ನಿಂತಿದ್ದೀಯ? ಕೂತ್ಕೊ. ನಿಂಗೋಸ್ಕರ ನಾವೆಲ್ಲ ನಿಂತಿದೀವಲ್ಲ."